ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ದೂರ ಒಂದೇ, ಹೊತ್ತು ಬೇರೆ ಬೇರೆ

ಮಗನೋ ಮಗಳೋ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಮನೆಗಳಲ್ಲಿ ಟಿಕೆಟ್ ಕೊಳ್ಳುವ ಮೊದಲು ಏಳುವ ಪ್ರಶ್ನೆಗಳು ಎರಡು: ಎಷ್ಟು ದೂರ? ಎಷ್ಟು ಹೊತ್ತು? ಮೊದಲನೆಯದಕ್ಕೆ ಉತ್ತರ ಸುಲಭ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣಕ್ಕೆ ಹೆಚ್ಚುಕಡಿಮೆ 14,000 ಕಿ.ಮೀ. ಎರಡನೆಯದಕ್ಕೆ ಮಾತ್ರ ಒಬ್ಬೊಬ್ಬರದು ಒಂದೊಂದು ಲೆಕ್ಕ. ದೂರ ಅಳೆದುಕೊಡುವ ವೆಬ್‌ಸೈಟು ಹದಿನೈದೂವರೆ ಗಂಟೆ ಎನ್ನುತ್ತದೆ. ನೇರ ವಿಮಾನ ಇದ್ದಾಗ ಅದರ ವೇಳಾಪಟ್ಟಿಯಲ್ಲಿ ಹೋಗುವಾಗ ಸುಮಾರು 16, ಬರುವಾಗ ಹದಿನೇಳೂವರೆ ಗಂಟೆ ಇರುತ್ತದೆ. ಟ್ರಾವೆಲ್ ಏಜೆಂಟ್ ತೋರಿಸುವ ಟಿಕೆಟ್ಟಿನಲ್ಲಿ 24 ಗಂಟೆ. ಹೋಗಿ ಬಂದವರನ್ನು ಕೇಳಿದರೆ, "ಎರಡು ದಿನ ಹಿಡೀತು ಕಣ್ರೀ."

ಇವರಲ್ಲಿ ಯಾರೂ ತಪ್ಪು ಹೇಳುತ್ತಿಲ್ಲ. ಒಬ್ಬರು ಗಾಳಿಯೇ ಇಲ್ಲದ ಆಕಾಶದಲ್ಲಿ ಹಾರುವ ಹೊತ್ತನ್ನು ಹೇಳಿದರು, ಇನ್ನೊಬ್ಬರು ಗೇಟಿನಿಂದ ಗೇಟಿನವರೆಗಿನ ಹೊತ್ತನ್ನು, ಮತ್ತೊಬ್ಬರು ನಡುವೆ ಕಾಯುವುದನ್ನೂ ಸೇರಿಸಿ ಹೇಳಿದರು, ಕೊನೆಯವರು ಮನೆಯಿಂದ ಮನೆಯ ಲೆಕ್ಕ ಕೊಟ್ಟರು. ಈ ನಾಲ್ಕನ್ನು ಬೇರ್ಪಡಿಸಿ ನೋಡಲು ಬಂದರೆ ಬೆಂಗಳೂರು ಮಾತ್ರವಲ್ಲ, ಯಾವ ಎರಡು ಊರಿನ ನಡುವಿನ ಪ್ರಯಾಣವನ್ನಾದರೂ ನೀವೇ ಅಂದಾಜು ಮಾಡಬಹುದು.

ದೂರದ ಲೆಕ್ಕ

ಶಾಲೆಯ ಗೋಡೆಗೆ ನೇತುಹಾಕುವ ನಕ್ಷೆಯಲ್ಲಿ ಬೆಂಗಳೂರಿನಿಂದ ಪೂರ್ವಕ್ಕೆ ಸ್ಕೇಲ್ ಇಟ್ಟು, ಪೆಸಿಫಿಕ್ ಸಾಗರ ದಾಟಿಸಿ ಗೆರೆ ಎಳೆದರೆ ಆ ದಾರಿಯ ಉದ್ದ ಸುಮಾರು 16,100 ಕಿ.ಮೀ. ಆಗುತ್ತದೆ. ಆದರೆ ಭೂಮಿ ದುಂಡಗಿದೆ. ಗ್ಲೋಬ್ ಒಂದನ್ನು ತೆಗೆದುಕೊಂಡು, ಎರಡು ಊರುಗಳ ಮೇಲೆ ದಾರದ ಎರಡು ತುದಿ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ಸರಕ್ಕನೆ ಉತ್ತರಕ್ಕೆ ಜಾರುತ್ತದೆ. ಅದು ಹೋಗಿ ಕೂತ ಜಾಗವೇ ಅತಿ ಹತ್ತಿರದ ದಾರಿ. ಭೂಗೋಳದ ಪಾಠದಲ್ಲಿ ಬರುವ ಮಹಾವೃತ್ತದ ತುಂಡು ಅದು.

ಕೆಂಪೇಗೌಡ ನಿಲ್ದಾಣ ಇರುವುದು 13.2 ಡಿಗ್ರಿ ಉತ್ತರ ಅಕ್ಷಾಂಶ, 77.7 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ 37.6 ಡಿಗ್ರಿ ಉತ್ತರ, 122.4 ಡಿಗ್ರಿ ಪಶ್ಚಿಮದಲ್ಲಿ. ಈ ಅಂಕಿಗಳಿಂದ ಲೆಕ್ಕ ಹಾಕಿದರೆ ಮಹಾವೃತ್ತದ ದೂರ ಸುಮಾರು 13,990 ಕಿ.ಮೀ. ಇದನ್ನೇ ಕೆಲವರು 8,700 ಮೈಲಿ ಎನ್ನುತ್ತಾರೆ, ವಿಮಾನಯಾನದವರು 7,550 ನಾಟಿಕಲ್ ಮೈಲಿ ಎನ್ನುತ್ತಾರೆ. ಹುಡುಕಿದಾಗ ಮೂರು ಬಗೆಯ ಅಂಕಿ ಕಂಡು ಗೊಂದಲವಾದರೆ ಮೊದಲು ಅಳತೆ ಯಾವುದೆಂದು ನೋಡಿ. ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ., ಸಾಮಾನ್ಯ ಮೈಲಿ ಎಂದರೆ 1.609 ಕಿ.ಮೀ.

ನಕ್ಷೆಯ ಗೆರೆಗೂ ದಾರದ ಗೆರೆಗೂ 2,100 ಕಿ.ಮೀ. ವ್ಯತ್ಯಾಸ. ಬೆಂಗಳೂರಿನಿಂದ ದೆಹಲಿಗೆ ಇರುವ ವಿಮಾನದ ದೂರಕ್ಕಿಂತ ಇದೇ ಹೆಚ್ಚು. ಭೂಮಿಯ ಮೇಲೆ ಯಾವ ಎರಡು ಸ್ಥಳಗಳೂ ಸುಮಾರು 20,000 ಕಿ.ಮೀ.ಗಿಂತ ಹೆಚ್ಚು ದೂರ ಇರಲಾರವು. ಅಂದರೆ ಸಾಧ್ಯವಿರುವ ದೂರದಲ್ಲಿ ಶೇ 70ರಷ್ಟನ್ನು ಈ ಒಂದು ಪ್ರಯಾಣವೇ ಕ್ರಮಿಸುತ್ತದೆ.

ದಾರ ಹೋದಲ್ಲಿ ವಿಮಾನ ಹೋಗುವುದಿಲ್ಲ

ಆ ದಾರವನ್ನು ಬೆರಳಿನಿಂದ ಹಿಂಬಾಲಿಸಿದರೆ ಸೊಗಸಾದ ಹಾದಿ ಸಿಗುತ್ತದೆ. ಛತ್ತೀಸಗಡದ ಅಂಚು, ಉತ್ತರ ಪ್ರದೇಶ, ನೇಪಾಳದ ಪೊಖರಾ ಸುತ್ತಮುತ್ತ, ಟಿಬೆಟ್, ಚೀನಾ-ಮಂಗೋಲಿಯಾ ಗಡಿ, ಬೈಕಲ್ ಸರೋವರದ ವಾಯವ್ಯದ ಪ್ರದೇಶ, ಸೈಬೀರಿಯಾ. 71 ಡಿಗ್ರಿ ಉತ್ತರದವರೆಗೆ ಏರಿ, ಚುಕ್ಚಿ ಸಮುದ್ರದ ಮೇಲಿಂದ ಅಲಾಸ್ಕಾಕ್ಕೆ ಇಳಿದು, ಅಮೆರಿಕದ ಪಶ್ಚಿಮ ಕರಾವಳಿಯ ಪಕ್ಕದಲ್ಲೇ ಸ್ಯಾನ್ ಫ್ರಾನ್ಸಿಸ್ಕೊ ತಲುಪುತ್ತದೆ. ಆದರೆ ವಿಮಾನ ಈ ಗೆರೆಯನ್ನು ತಪ್ಪದೆ ಅನುಸರಿಸುವುದಿಲ್ಲ. ಅದಕ್ಕೆ ಕಾರಣಗಳು ಹಲವು.

ಮೊದಲನೆಯದು ಟಿಬೆಟ್ ಪ್ರಸ್ಥಭೂಮಿ. ಒಳಗಿನ ಗಾಳಿಯ ಒತ್ತಡ ಹಠಾತ್ತನೆ ಇಳಿದುಹೋದರೆ ತಲೆಯ ಮೇಲಿಂದ ಆಕ್ಸಿಜನ್ ಮಾಸ್ಕ್ ಬೀಳುತ್ತದಲ್ಲ, ಅದರಲ್ಲಿರುವುದು ಸಾಮಾನ್ಯವಾಗಿ ಕೆಲವೇ ನಿಮಿಷಗಳ ಸರಬರಾಜು. ಅಷ್ಟರಲ್ಲಿ ಪೈಲಟ್ ವಿಮಾನವನ್ನು 10,000 ಅಡಿಗೆ, ಅಂದರೆ ಸುಮಾರು 3 ಕಿ.ಮೀ. ಎತ್ತರಕ್ಕೆ ಇಳಿಸಬೇಕು. ಟಿಬೆಟ್ಟಿನ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿದೆ. ಇಳಿಯಲು ಜಾಗವೇ ಇಲ್ಲ. ಹಾಗಾಗಿ ವಿಮಾನಗಳು ಅದನ್ನು ಬಹುಮಟ್ಟಿಗೆ ಸುತ್ತಿಬಳಸಿಯೇ ಹೋಗುತ್ತವೆ.

ಎರಡನೆಯದು ರಾಜಕಾರಣ. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಆರಂಭವಾದ ಮೇಲೆ ಅಮೆರಿಕ ಮತ್ತು ಯುರೋಪಿನ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿಹೋಯಿತು. ಭಾರತದ ಕಂಪನಿಗಳಿಗೆ ಆ ದಾರಿ ತೆರೆದೇ ಉಳಿಯಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತೀಯ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳ ಹೊತ್ತು ಏರಿತು. ಎರಡು ಊರಿನ ನಡುವಿನ ಕಿಲೋಮೀಟರ್ ಬದಲಾಗದಿದ್ದರೂ ಗಂಟೆಗಳು ಹೀಗೆ ಬದಲಾಗುತ್ತಿರುತ್ತವೆ.

ಮೂರನೆಯದು ತುರ್ತು ನಿಲ್ದಾಣದ ಚಿಂತೆ. ಎರಡು ಎಂಜಿನ್‌ನ ವಿಮಾನ, ಒಂದು ಎಂಜಿನ್ ಕೈಕೊಟ್ಟರೂ ನಿಗದಿತ ಹೊತ್ತಿನೊಳಗೆ ಯಾವುದಾದರೂ ನಿಲ್ದಾಣ ಮುಟ್ಟುವಂತೆ ದಾರಿ ಹಾಕಿಕೊಳ್ಳಬೇಕು. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಪೂರ್ವದಂಚಿನ ಮಗದಾನ್‌ನಲ್ಲಿ ಇಳಿಯಿತು. 216 ಪ್ರಯಾಣಿಕರು ಬದಲಿ ವಿಮಾನ ಬರುವವರೆಗೆ ಅಲ್ಲೇ ಉಳಿಯಬೇಕಾಯಿತು.

ಇನ್ನು ನಾಲ್ಕನೆಯದು, ಎಲ್ಲಕ್ಕಿಂತ ದೊಡ್ಡದು: ಗಾಳಿ.

ಹೋಗುವಾಗ ಒಂದು, ಬರುವಾಗ ಇನ್ನೊಂದು

ಭೂಮಿಯ ಮೇಲೆ 9ರಿಂದ 12 ಕಿ.ಮೀ. ಎತ್ತರದಲ್ಲಿ, ಅಂದರೆ ಸರಿಯಾಗಿ ವಿಮಾನಗಳು ಹಾರುವ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ರಭಸದ ಗಾಳಿಯ ಪಟ್ಟಿಗಳಿವೆ. ಇವೇ ಜೆಟ್ ಸ್ಟ್ರೀಮ್. ಗಂಟೆಗೆ 150 ಕಿ.ಮೀ. ವೇಗ ಅವಕ್ಕೆ ಮಾಮೂಲಿ. ಚಳಿಗಾಲದಲ್ಲಿ ಇನ್ನೂ ಬಿರುಸು. ಎದುರು ಗಾಳಿಯಲ್ಲಿ ಸೈಕಲ್ ತುಳಿದವರಿಗೆ ಉಳಿದ ವಿಷಯ ಹೇಳಬೇಕಾಗಿಲ್ಲ.

ಸಣ್ಣ ಲೆಕ್ಕ ನೋಡಿ. ಬೋಯಿಂಗ್ 777, 787, ಏರ್‌ಬಸ್ ಎ350ಗಳಂಥ ದೊಡ್ಡ ವಿಮಾನಗಳ ವೇಗ ಗಂಟೆಗೆ ಸುಮಾರು 900 ಕಿ.ಮೀ. ಗಾಳಿಯೇ ಇಲ್ಲದಿದ್ದರೆ 14,000 ಕಿ.ಮೀ.ಗೆ 15 ಗಂಟೆ 33 ನಿಮಿಷ. ದಾರಿಯುದ್ದಕ್ಕೂ ಸರಾಸರಿ 50 ಕಿ.ಮೀ. ಗಾಳಿ ಬೆನ್ನಿಗೆ ಸಿಕ್ಕಿದರೆ 14 ಗಂಟೆ 44 ನಿಮಿಷ. ಅಷ್ಟೇ ಗಾಳಿ ಎದುರಾದರೆ 16 ಗಂಟೆ 28 ನಿಮಿಷ. ಅಲ್ಲಿಗೆ ಒಂದೂಮುಕ್ಕಾಲು ಗಂಟೆಯ ವ್ಯತ್ಯಾಸ.

ವಿಮಾನ ಕಂಪನಿಗಳು ದಿನದಿನವೂ ಗಾಳಿಯ ಮುನ್ಸೂಚನೆ ನೋಡಿ ದಾರಿ ಹಾಕುವುದು ಇದಕ್ಕೇ. ಪೂರ್ವಕ್ಕೆ ಹೋಗುವಾಗ ಪೆಸಿಫಿಕ್ ಮೇಲಿನ ಜೆಟ್ ಸ್ಟ್ರೀಮ್ ಬೆನ್ನಿಗೆ ಸಿಗುವಂತೆ ದಾರಿಯನ್ನು ದಕ್ಷಿಣಕ್ಕೆ ಬಾಗಿಸಿದರೆ ಕಿಲೋಮೀಟರ್ ಹೆಚ್ಚಾದರೂ ಗಂಟೆ ಕಡಿಮೆಯಾಗಬಹುದು. ವಾಪಸು ಬರುವಾಗ ಅದೇ ಗಾಳಿಯಿಂದ ತಪ್ಪಿಸಿಕೊಳ್ಳಲು ಉತ್ತರಕ್ಕೆ ಸರಿಯುವುದು ಜಾಣತನ.

ಎಷ್ಟು ಉತ್ತರಕ್ಕೆ? ಧ್ರುವದವರೆಗೂ. ಏರ್ ಇಂಡಿಯಾ ಈ ಎರಡು ನಗರಗಳ ನಡುವೆ ಮೊದಲ ನೇರ ವಿಮಾನ ಹಾರಿಸಿದ್ದು 2021ರ ಜನವರಿ 9ರಂದು, ಸ್ಯಾನ್ ಫ್ರಾನ್ಸಿಸ್ಕೊದಿಂದ. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರೇ. ಬೋಯಿಂಗ್ 777-200ಎಲ್‌ಆರ್ ಉತ್ತರ ಧ್ರುವದ ಮೇಲಿಂದ ಹಾದು 11ರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿಯಿತು. ಧ್ರುವವನ್ನು ಮುಟ್ಟಿ ಬರುವುದೆಂದರೆ ಭಾರೀ ಸುತ್ತು ಅನ್ನಿಸುತ್ತದೆ. ಆದರೆ ಲೆಕ್ಕ ಹಾಕಿದರೆ ಅದು ಸುಮಾರು 14,360 ಕಿ.ಮೀ., ಅತಿ ಹತ್ತಿರದ ದಾರಿಗಿಂತ 370 ಕಿ.ಮೀ. ಮಾತ್ರ ಜಾಸ್ತಿ. ಅರ್ಧ ಗಂಟೆಯ ಹಾರಾಟವೂ ಅಲ್ಲ.

ಧ್ರುವದ ದಾರಿಗೆ ಅದರದೇ ಕಟ್ಟುಪಾಡುಗಳಿವೆ. ಅಮೆರಿಕದಲ್ಲಿ ತುಂಬಿಸುವ ಜೆಟ್ ಎ ಇಂಧನ ಮೈನಸ್ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುವ ಹಂತಕ್ಕೆ ಬರುತ್ತದೆ. ಹೊರಗಿನ ಚಳಿ ಅದಕ್ಕಿಂತ ತೀವ್ರ ಇರುವುದರಿಂದ ಪೈಲಟ್‌ಗಳು ಟ್ಯಾಂಕಿನ ಉಷ್ಣತೆಯ ಮೇಲೆ ಸದಾ ಕಣ್ಣಿಟ್ಟಿರುತ್ತಾರೆ. ಬೇಕೆನಿಸಿದರೆ ಕೆಳಗಿಳಿಯುತ್ತಾರೆ ಅಥವಾ ವೇಗ ಹೆಚ್ಚಿಸುತ್ತಾರೆ.

ಟಿಕೆಟ್ಟಿನಲ್ಲಿ ಇರುವ ಹೊತ್ತು ಇದಿಷ್ಟೇ ಅಲ್ಲ. ಗೇಟಿನಿಂದ ಹಿಂದೆ ಸರಿದ ಕ್ಷಣದಿಂದ ಇನ್ನೊಂದು ಗೇಟಿನಲ್ಲಿ ನಿಲ್ಲುವವರೆಗಿನ ಹೊತ್ತು ಅದು. ವಿಮಾನಯಾನದವರು ಇದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ. ರನ್‌ವೇಗೆ ಹೋಗುವುದು, ಸರದಿಗೆ ಕಾಯುವುದು, ಇಳಿದ ಮೇಲೆ ಗೇಟ್ ಸಿಗುವುದು ಎಲ್ಲ ಅದರೊಳಗೆ ಸೇರಿರುತ್ತದೆ. ಪೈಲಟ್ "ನಮ್ಮ ಹಾರಾಟದ ಅವಧಿ ಇಷ್ಟು" ಎಂದು ಹೇಳುವ ಅಂಕಿ ಟಿಕೆಟ್ಟಿಗಿಂತ ಕಡಿಮೆ ಇರುವುದು ಇದರಿಂದಲೇ.

ಮನೆಯಲ್ಲೇ ಅಂದಾಜು ಮಾಡಬೇಕೆಂದರೆ ಸುಲಭದ ಸೂತ್ರ ಇದು: ಕಿಲೋಮೀಟರನ್ನು 850ರಿಂದ ಭಾಗಿಸಿ, ಅರ್ಧ ಗಂಟೆ ಕೂಡಿಸಿ. ಬೆಂಗಳೂರು-ದುಬೈ 2,700 ಕಿ.ಮೀ.ಗೆ ಮೂರೂಮುಕ್ಕಾಲು ಗಂಟೆ ಬರುತ್ತದೆ, ಬೆಂಗಳೂರು-ಸ್ಯಾನ್ ಫ್ರಾನ್ಸಿಸ್ಕೊಗೆ 17 ಗಂಟೆ. ದೂರದ ಹಾರಾಟವಾದರೆ ಪೂರ್ವಕ್ಕೆ ಹೋಗುವಾಗ ಅದರಲ್ಲಿ ಸ್ವಲ್ಪ ಕಳೆಯಿರಿ, ಪಶ್ಚಿಮಕ್ಕೆ ಬರುವಾಗ ಸ್ವಲ್ಪ ಸೇರಿಸಿ.

ಗಡಿಯಾರದ ಆಟ

ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ. ಮಾರ್ಚ್ ತಿಂಗಳ ಎರಡನೇ ಭಾನುವಾರ ಅಲ್ಲಿನವರು ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ನಾವು ಏನನ್ನೂ ಮುಟ್ಟುವುದಿಲ್ಲ.

ಚಳಿಗಾಲದ ಒಂದು ದಿನ ಮಧ್ಯಾಹ್ನ 2.30ಕ್ಕೆ ಬೆಂಗಳೂರು ಬಿಟ್ಟ ವಿಮಾನಕ್ಕೆ 16 ಗಂಟೆ ಹಿಡಿಯಿತೆನ್ನಿ. ನಮ್ಮ ಗಡಿಯಾರದಲ್ಲಿ ಮರುದಿನ ಬೆಳಿಗ್ಗೆ 6.30. ಹದಿಮೂರೂವರೆ ಗಂಟೆ ಕಳೆದರೆ ಅಲ್ಲಿ ಅದೇ ದಿನದ ಸಂಜೆ 5 ಗಂಟೆ. ಟಿಕೆಟ್ ನೋಡಿದವರಿಗೆ ಎರಡೂವರೆ ಗಂಟೆಯಲ್ಲಿ ಅಮೆರಿಕ ತಲುಪಿದಂತೆ ಕಾಣುತ್ತದೆ! ವಾಪಸು ಬರುವಾಗ ಇದಕ್ಕೆಲ್ಲ ಬಡ್ಡಿ ಸಮೇತ ಲೆಕ್ಕ ಚುಕ್ತಾ. ಶನಿವಾರ ರಾತ್ರಿ 8.30ಕ್ಕೆ ಅಲ್ಲಿಂದ ಹೊರಟು ಹದಿನೇಳೂವರೆ ಗಂಟೆ ಕಳೆದರೆ ಬೆಂಗಳೂರಿನಲ್ಲಿ ಸೋಮವಾರ ನಸುಕಿನ 3.30. ಭಾನುವಾರದ ಬಹುಪಾಲು ಆಕಾಶದಲ್ಲೇ ಕಳೆದಿರುತ್ತದೆ.

ಇದರಿಂದ ಎರಡು ಎಚ್ಚರಿಕೆ. ಟಿಕೆಟ್ಟಿನಲ್ಲಿ ತಲುಪುವ ಸಮಯದ ಪಕ್ಕ +1, +2 ಎಂದಿದ್ದರೆ ಅದು ಹೊರಟ ದಿನದ ನಂತರದ ದಿನಗಳ ಎಣಿಕೆ. ಕ್ಯಾಬ್, ಹೋಟೆಲ್, ಕರೆದೊಯ್ಯಲು ಬರುವ ನೆಂಟರು ಎಲ್ಲರಿಗೂ ವಾರ, ತಾರೀಖು ಎರಡನ್ನೂ ಹೇಳಿ. ಎರಡನೆಯದು, ಟಿಕೆಟ್ಟಿನ ಸಮಯಗಳೆಲ್ಲ ಆಯಾ ಊರಿನವು. ಒಂದರಿಂದ ಇನ್ನೊಂದನ್ನು ಕಳೆದು ಪ್ರಯಾಣದ ಅವಧಿ ಕಂಡುಹಿಡಿಯಲು ಹೋಗಬೇಡಿ. ಅವಧಿಯನ್ನು ಬೇರೆಯಾಗಿ ನಮೂದಿಸಿರುತ್ತಾರೆ, ಅದನ್ನೇ ನೋಡಿ.

ನೇರವಾಗಿಯೋ, ನಡುವೆ ಇಳಿದೋ?

ಇಷ್ಟು ದೂರದ ನೇರ ಹಾರಾಟ ಕಂಪನಿಗಳಿಗೂ ಕಷ್ಟದ ವ್ಯವಹಾರ. ದಾರಿ ಉದ್ದವಾದಷ್ಟೂ ಹೆಚ್ಚು ಇಂಧನ ತುಂಬಬೇಕು, ಆ ಇಂಧನದ ಭಾರ ಹೊರಲೂ ಇಂಧನ ಸುಡಬೇಕು. ಅಮೆರಿಕದ ಯುನೈಟೆಡ್ ಕಂಪನಿ 2020ರಲ್ಲಿ ಇದೇ ಮಾರ್ಗ ಘೋಷಿಸಿತಾದರೂ ವಿಮಾನ ಹಾರಲಿಲ್ಲ. ಏರ್ ಇಂಡಿಯಾದ ಸೇವೆಯೂ ನಡುವೆ ನಿಂತು, 2022ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾಗಿತ್ತು. ಆದ್ದರಿಂದ "ಕಳೆದ ಸಲ ನೇರ ವಿಮಾನ ಇತ್ತು" ಎಂಬ ಮಾತನ್ನು ನಂಬಿ ಯೋಜನೆ ಹಾಕಬೇಡಿ. ಟಿಕೆಟ್ ಕೊಳ್ಳುವ ದಿನದ ವೇಳಾಪಟ್ಟಿ ನೋಡಿ.

ನಡುವೆ ಇಳಿದು ಹೋಗುವುದಾದರೆ ಎಲ್ಲಿ ಇಳಿಯುತ್ತೀರಿ ಎಂಬುದರ ಮೇಲೆ ಒಟ್ಟು ದೂರ ನಿಂತಿದೆ. ಎರಡೂ ಹಾರಾಟಗಳ ಮಹಾವೃತ್ತದ ದೂರ ಸೇರಿಸಿದರೆ ಸುಮಾರು ಹೀಗೆ:

- ದೆಹಲಿ ಮೂಲಕ: 14,090 ಕಿ.ಮೀ.
- ಹಾಂಗ್‌ಕಾಂಗ್ ಮೂಲಕ: 15,080 ಕಿ.ಮೀ.
- ದುಬೈ ಮೂಲಕ: 15,720 ಕಿ.ಮೀ.
- ಫ್ರಾಂಕ್‌ಫರ್ಟ್ ಮೂಲಕ: 16,550 ಕಿ.ಮೀ.
- ಲಂಡನ್ ಮೂಲಕ: 16,660 ಕಿ.ಮೀ.
- ಸಿಂಗಪುರ ಮೂಲಕ: 16,760 ಕಿ.ಮೀ.

ದೆಹಲಿಯ ಅಂಕಿ ಗಮನಿಸಿ. ನೇರ ದಾರಿಗೂ ಅದಕ್ಕೂ 100 ಕಿ.ಮೀ. ಅಂತರ ಅಷ್ಟೇ, ಏಕೆಂದರೆ ದೆಹಲಿ ಹೆಚ್ಚುಕಡಿಮೆ ದಾರಿಯ ಮೇಲೇ ಇದೆ. ಇತ್ತ ಸಿಂಗಪುರ, ಫ್ರಾಂಕ್‌ಫರ್ಟ್ ವಿರುದ್ಧ ದಿಕ್ಕಿನ ಊರುಗಳಾದರೂ ಒಟ್ಟು ದೂರದಲ್ಲಿ ಹೆಚ್ಚಿನ ಫರಕಿಲ್ಲ. ಅತಿ ಕಡಿಮೆಗೂ ಅತಿ ಹೆಚ್ಚಿಗೂ ಇರುವ ಅಂತರ 2,700 ಕಿ.ಮೀ., ಅಂದರೆ ಮೂರು ಗಂಟೆ ಚಿಲ್ಲರೆ. ಪ್ರಯಾಣದ ಅವಧಿಯನ್ನು 22 ಗಂಟೆಯಿಂದ 30ಕ್ಕೆ ಎಳೆಯುವುದು ಈ ದೂರವಲ್ಲ, ಕಾಯುವ ಹೊತ್ತು. ಹೀಗಾಗಿ ಟಿಕೆಟ್ ಹೋಲಿಸುವಾಗ ಊರಿನ ಹೆಸರಿಗಿಂತ ಮೊದಲು ನಡುವಿನ ಗಂಟೆಗಳನ್ನು ನೋಡಿ.

ಆ ಹೊತ್ತು ತೀರ ಕಡಿಮೆಯೂ ಇರಬಾರದು. ಎರಡರಿಂದ ನಾಲ್ಕು ಗಂಟೆ ಹಿತ. ವಯಸ್ಸಾದವರಿದ್ದರೆ ಮೂರಕ್ಕಿಂತ ಕಡಿಮೆ ಬೇಡ. ವೀಲ್‌ಚೇರ್ ನೆರವು ಬೇಕಿದ್ದರೆ ಟಿಕೆಟ್ ಮಾಡಿಸುವಾಗಲೇ ಹೇಳಿಡಿ. ಎರಡು ಹಾರಾಟಗಳೂ ಒಂದೇ ಟಿಕೆಟ್ಟಿನಲ್ಲಿರಲಿ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನಕ್ಕೆ ಹತ್ತಿಸುವುದು ಆಗ ಕಂಪನಿಯ ಹೊಣೆ. ಅಗ್ಗವೆಂದು ಬೇರೆ ಬೇರೆ ಟಿಕೆಟ್ ಕೊಂಡರೆ ಲಗೇಜನ್ನೂ ನೀವೇ ತೆಗೆದು ಮತ್ತೆ ಒಪ್ಪಿಸಬೇಕಾಗಬಹುದು, ವಿಮಾನ ತಪ್ಪಿದರೆ ನಷ್ಟವೂ ನಿಮ್ಮದೇ.

ಮಾರ್ಗಮಧ್ಯದ ದೇಶದಲ್ಲಿ ಟ್ರಾನ್ಸಿಟ್ ವೀಸಾ ಬೇಕೇ ಎಂಬುದನ್ನು ಆ ದೇಶದ ಅಧಿಕೃತ ಜಾಲತಾಣದಲ್ಲೇ ನೋಡಿ. ಇಂಥ ನಿಯಮಗಳು ಬದಲಾಗುತ್ತಿರುತ್ತವೆ. ಸ್ಯಾನ್ ಫ್ರಾನ್ಸಿಸ್ಕೊಗೆ ಮೊದಲು ಅಮೆರಿಕದ ಬೇರೆ ಊರಿನಲ್ಲಿ ಇಳಿಯುವುದಾದರೆ ಇಮಿಗ್ರೇಶನ್, ಕಸ್ಟಮ್ಸ್ ಎರಡೂ ಅಲ್ಲೇ. ಸಾಮಾನ್ಯವಾಗಿ ಲಗೇಜನ್ನೂ ಅಲ್ಲಿ ತೆಗೆದುಕೊಂಡು ಮತ್ತೆ ಕೊಡಬೇಕು. ಅಂಥ ಕಡೆ ಒಂದೂವರೆ ಗಂಟೆಯ ಅಂತರ ಸಾಲದು.

ಮನೆಯಿಂದ ಮನೆಗೆ

ಮೈಸೂರಿನವರೊಬ್ಬರ ಲೆಕ್ಕ ಹಾಕೋಣ. ಮೈಸೂರಿನಿಂದ ದೇವನಹಳ್ಳಿಗೆ ಫ್ಲೈಬಸ್ಸೋ ಕಾರೋ, ನಾಲ್ಕು ಗಂಟೆ. ವಿಮಾನ ಹೊರಡುವುದಕ್ಕೆ ಮೂರು ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕು. ನೇರ ವಿಮಾನ ಸಿಕ್ಕಿದರೆ 16 ಗಂಟೆ. ಇಳಿದ ಮೇಲೆ ಇಮಿಗ್ರೇಶನ್ ಸಾಲು, ಲಗೇಜು ಸೇರಿ ಒಂದೂವರೆ ಗಂಟೆ. ಅಲ್ಲಿಂದ ಸ್ಯಾನ್ ಹೋಸೆ, ಸನಿವೇಲ್ ಕಡೆ ಮಕ್ಕಳ ಮನೆಗೆ ಕಾರಿನಲ್ಲಿ ಸುಮಾರು ಒಂದು ಗಂಟೆ. ಒಟ್ಟು ಇಪ್ಪತ್ತೈದೂವರೆ. ಒಂದು ಕಡೆ ಇಳಿದು ಹತ್ತುವ ಟಿಕೆಟ್ ಆದರೆ 32ರಿಂದ 36 ಗಂಟೆ. "ಎರಡು ದಿನ" ಎಂದವರ ಮಾತು ಈಗ ಉತ್ಪ್ರೇಕ್ಷೆ ಅನ್ನಿಸುವುದಿಲ್ಲ.

ನೇರ ವಿಮಾನಕ್ಕೆ ಹೆಚ್ಚು ಹಣ ಕೊಡಬೇಕೇ ಎಂಬುದನ್ನೂ ಈ ಲೆಕ್ಕದಿಂದಲೇ ತೀರ್ಮಾನಿಸಿ. ಉಳಿಯುವ ಗಂಟೆಗಳು ಎಷ್ಟು, ಅದಕ್ಕೆ ಕೊಡುವ ಹೆಚ್ಚುವರಿ ಹಣ ಎಷ್ಟು? ಇಂಗ್ಲಿಷ್ ಅಷ್ಟಾಗಿ ಬಾರದ ಹಿರಿಯರಿಬ್ಬರೇ ಹೊರಟಿದ್ದರೆ ದೊಡ್ಡ ನಿಲ್ದಾಣದಲ್ಲಿ ಗೇಟ್ ಹುಡುಕುವ ಆತಂಕ ತಪ್ಪುವುದಕ್ಕೂ ಒಂದು ಬೆಲೆ ಇದೆ. ಮಂಡಿನೋವಿನವರಿಗೆ ಇದು ತಿರುಗುಮುರುಗು ಆಗಬಹುದು. 16 ಗಂಟೆ ಒಂದೇ ಸೀಟಿನಲ್ಲಿ ಕೂರುವುದಕ್ಕಿಂತ ನಡುವೆ ಇಳಿದು ನಾಲ್ಕು ಹೆಜ್ಜೆ ನಡೆಯುವುದೇ ಅವರಿಗೆ ಮೇಲು.

ಹದಿನಾರು ಗಂಟೆ ಕೂರುವುದಕ್ಕೆ

ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಅಲುಗಾಡದೆ ಕೂತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಎರಡು ಪಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿತು. ಎರಡು ಪಟ್ಟಾದ ಮೇಲೂ ಅದು 6,000 ಮಂದಿಯಲ್ಲಿ ಒಬ್ಬರಿಗೆ. ಹೆದರುವಂಥದ್ದಲ್ಲ, ಕಡೆಗಣಿಸುವಂಥದ್ದೂ ಅಲ್ಲ. ಓಡಾಡಲು ಅನುಕೂಲವಾಗುವ ಸೀಟನ್ನೇ ಕೇಳಿ ಪಡೆಯಿರಿ. ಎಚ್ಚರವಿದ್ದಾಗ ಗಂಟೆ, ಎರಡು ಗಂಟೆಗೊಮ್ಮೆ ಎದ್ದು ನಡೆಯಿರಿ, ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸಿ. ವಿಮಾನದೊಳಗಿನ ಗಾಳಿ ತುಂಬ ಒಣ, ಹಾಗಾಗಿ ನೀರು ಕುಡಿಯುತ್ತಿರಿ. ಹಿಂದೆ ರಕ್ತ ಹೆಪ್ಪುಗಟ್ಟಿದ್ದವರು, ಇತ್ತೀಚೆಗೆ ಆಪರೇಷನ್ ಆದವರು, ಗರ್ಭಿಣಿಯರು ಮೊದಲೇ ವೈದ್ಯರನ್ನು ಕಾಣಬೇಕು.

ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳು ಕೈಚೀಲದಲ್ಲಿರಲಿ, ಜೊತೆಗೆ ವೈದ್ಯರ ಚೀಟಿಯೂ ಇರಲಿ. "ಬೆಳಿಗ್ಗೆ ಒಂದು, ರಾತ್ರಿ ಒಂದು" ಎಂಬ ಲೆಕ್ಕ ಆಕಾಶದಲ್ಲಿ ಕೆಲಸಕ್ಕೆ ಬಾರದು. ಎಷ್ಟು ಗಂಟೆಗೊಮ್ಮೆ ತೆಗೆದುಕೊಳ್ಳಬೇಕೆಂದು ವೈದ್ಯರಿಂದ ಬರೆಸಿಕೊಳ್ಳಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದು ಕಡ್ಡಾಯ. ಪವರ್ ಬ್ಯಾಂಕ್ ಕೂಡ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಲಗೇಜಿನಲ್ಲಿ ಇಡುವಂತಿಲ್ಲ.

ತಲುಪಿದ ಮೇಲೆ ಹಗಲು ರಾತ್ರಿ ಅದಲುಬದಲು. ದೇಹದ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಸರಿದುಕೊಳ್ಳುವುದರಿಂದ ಪೂರ್ತಿ ಹೊಂದಿಕೊಳ್ಳಲು ಒಂದು ವಾರಕ್ಕೂ ಮಿಕ್ಕಿ ಬೇಕು. ಹಗಲಿನ ಬೆಳಕಿನಲ್ಲಿ ಓಡಾಡುವುದು, ಅಲ್ಲಿನ ಹೊತ್ತಿಗೇ ಊಟ ಮಾಡುವುದು, ಮಧ್ಯಾಹ್ನದ ನಿದ್ದೆಯನ್ನು ಚಿಕ್ಕದು ಮಾಡುವುದು, ಇವೇ ಇರುವ ಮದ್ದು. ಮದುವೆಗೋ ಪದವಿ ಪ್ರದಾನಕ್ಕೋ ಹೋಗುವವರು ನಾಲ್ಕೈದು ದಿನ ಮುಂಚೆ ತಲುಪುವಂತೆ ಟಿಕೆಟ್ ಮಾಡಿಸಿ.

ಹಣ ಕಟ್ಟುವ ಮೊದಲು

ಬೆಂಗಳೂರು-ಸ್ಯಾನ್ ಫ್ರಾನ್ಸಿಸ್ಕೊ ಇರಲಿ, ಮಂಗಳೂರು-ಟೊರಾಂಟೊ ಇರಲಿ, ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವೇ:

- ತೋರಿಸುತ್ತಿರುವ ದೂರ ಕಿಲೋಮೀಟರೋ, ಮೈಲಿಯೋ, ನಾಟಿಕಲ್ ಮೈಲಿಯೋ?
- ತೋರಿಸುತ್ತಿರುವ ಹೊತ್ತು ಹಾರಾಟದ್ದೋ, ಗೇಟಿನಿಂದ ಗೇಟಿನದೋ, ಕಾಯುವುದೂ ಸೇರಿದ್ದೋ?
- ಹೋಗುವ, ಬರುವ ಅವಧಿಗಳನ್ನು ಬೇರೆ ಬೇರೆ ನೋಡಿದ್ದೇನೆಯೇ?
- ತಲುಪುವುದು ಯಾವ ವಾರ, ಯಾವ ತಾರೀಖು?
- ನಡುವಿನ ನಿಲ್ದಾಣದಲ್ಲಿ ಎಷ್ಟು ಗಂಟೆ, ಅಲ್ಲಿ ವೀಸಾ ಬೇಕೇ, ಲಗೇಜು ತೆಗೆಯಬೇಕೇ?
- ನನ್ನ ಮನೆಯ ಬಾಗಿಲಿನಿಂದ ಅವರ ಮನೆಯ ಬಾಗಿಲಿಗೆ ಒಟ್ಟು ಎಷ್ಟು ಗಂಟೆ?

ರಜೆ ಹಾಕುವುದು, ಮಾತ್ರೆ ಎಣಿಸಿ ಇಟ್ಟುಕೊಳ್ಳುವುದು, ಮನೆ ಕಾಯುವವರಿಗೆ ಹೇಳುವುದು ಎಲ್ಲಕ್ಕೂ ಆಧಾರ ಕೊನೆಯ ಪ್ರಶ್ನೆಯ ಉತ್ತರ. ಅದನ್ನು ಯಾವ ಟಿಕೆಟ್ಟೂ ಅಚ್ಚು ಮಾಡಿ ಕೊಡುವುದಿಲ್ಲ, ನೀವೇ ಕೂಡಿಸಿಕೊಳ್ಳಬೇಕು.